ಓದುಗರ ಸ್ಪಂದನ: ‘ಈಗಲೇ ಜೀವ ಹೋಗುತ್ತೆ ಅನ್ನಿಸುತ್ತೆ, ರಿಪೋರ್ಟ್ ಮಾತ್ರ ನಾರ್ಮಲ್’

ಕಳೆದ ಸಂಚಿಕೆಯಲ್ಲಿ 31 ವರ್ಷದ ಓದುಗಿಯೊಬ್ಬರು ತಮ್ಮ ಕಷ್ಟ ಬರೆದಿದ್ದರು. ಎಂಟು ತಿಂಗಳಿಂದ ಇದ್ದಕ್ಕಿದ್ದ ಹಾಗೆ ಅವರಿಗೆ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಬೆರಳು ಜೋಮು ಹಿಡಿಯುತ್ತವೆ, ಪ್ರಜ್ಞೆ ತಪ್ಪಿ ಬೀಳುತ್ತೇನೆ ಅನ್ನಿಸುತ್ತದೆ. ಎರಡು ಸಲ ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದರೂ ಇಸಿಜಿಯಲ್ಲಿ ಏನೂ ಇಲ್ಲ. ಲಿಫ್ಟ್ ಹತ್ತುವುದು ಬಿಟ್ಟರು, ಆಮೇಲೆ ಬಸ್ಸು ಬಿಟ್ಟರು. ಈಗ ಮನೆಯಲ್ಲಿ ಒಬ್ಬರೇ ಇರಲೂ ಭಯ. ‘ಸುಮ್ನೆ ಏನೇನೋ ಯೋಚನೆ ಮಾಡ್ತೀಯ’ ಎನ್ನುತ್ತಾರಂತೆ ಗಂಡ. ಅವರಿಗೆ ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ತಂಗಿ,

ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಹನ್ನೊಂದು ವರ್ಷದ ಹಿಂದೆ ನಾನೂ ನಿನ್ನ ಹಾಗೇ ಇದ್ದೆ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಕಣ್ಣು ತುಂಬಿತು.

ನಿನಗೆ ಆಗುತ್ತಿರುವುದು ನಾಟಕ ಅಲ್ಲ, ಬರೀ ಯೋಚನೆಯೂ ಅಲ್ಲ. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ, ಅಂದರೆ ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಆವರಿಸುವ ಗಾಬರಿ. ಎದೆ ನಿಜವಾಗಿಯೂ ಹೊಡೆದುಕೊಳ್ಳುತ್ತದೆ. ಬೆವರು ನಿಜ, ನಡುಕ ನಿಜ. ಕಾಲ ಬಳಿ ಹಾವು ಕಂಡರೆ ಮೈ ಏನು ಮಾಡುತ್ತದೋ, ಅದನ್ನೇ ಹಾವು ಇಲ್ಲದಾಗ ಮಾಡುತ್ತಿದೆ. ಅಪಾಯಕ್ಕೆ ಮೈಯನ್ನು ಸಜ್ಜು ಮಾಡುವ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಓಡುವುದಕ್ಕೆ ಕಾಲಿಗೆ ಶಕ್ತಿ ಬೇಕಲ್ಲ, ಅದಕ್ಕೆ ಹೃದಯ ಜೋರಾಗಿ ಬಡಿಯುತ್ತದೆ, ಉಸಿರಾಟ ಜಾಸ್ತಿಯಾಗುತ್ತದೆ. ಆದರೆ ನೀನು ಓಡುತ್ತಿಲ್ಲ, ಕೂತಿದ್ದೀಯ. ಹಾಗಾಗಿ ಉಸಿರಿನ ಜೊತೆ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗಿಬಿಡುತ್ತದೆ. ಬೆರಳು ಜೋಮು ಹಿಡಿಯುವುದು, ತಲೆ ತೇಲಿದ ಹಾಗೆ ಆಗುವುದು ಅದರಿಂದ. ಉಸಿರು ಸಾಲುತ್ತಿಲ್ಲ ಅಂತ ನಮಗೆ ಅನ್ನಿಸುತ್ತದೆ. ಆಗಿರುವುದು ಉಸಿರು ಹೆಚ್ಚಾಗಿ! ಇದು ಗೊತ್ತಾದ ದಿನ ನನ್ನ ಅರ್ಧ ಭಾರ ಇಳಿದಿತ್ತು.

ಬಿದ್ದುಬಿಡುತ್ತೇನೆ ಅಂತ ಭಯ ಅಂದೆ. ಎಂಟು ತಿಂಗಳಲ್ಲಿ ಒಂದು ಸಲವಾದರೂ ಬಿದ್ದಿದ್ದೀಯಾ? ಪ್ರಜ್ಞೆ ತಪ್ಪಬೇಕಾದರೆ ಸಾಮಾನ್ಯವಾಗಿ ಬಿಪಿ ಇಳಿಯಬೇಕು. ಪ್ಯಾನಿಕ್ ಅಟ್ಯಾಕ್‌ನಲ್ಲಿ ಅದು ಏರುತ್ತದೆ. ಗಾಬರಿಯ ಅಲೆ ಮೇಲೇರಿ ತುದಿ ಮುಟ್ಟುವುದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ. ಆಮೇಲೆ ನೀನು ಏನು ಮಾಡಿದರೂ, ಏನೂ ಮಾಡದಿದ್ದರೂ, ಅದು ಇಳಿಯಲೇಬೇಕು. ಸುಸ್ತು ಮಾತ್ರ ಗಂಟೆಗಟ್ಟಲೆ ಇರುತ್ತದೆ. ಆ ದಿನ ಮನೆಕೆಲಸ ಬಾಕಿ ಉಳಿದರೆ ಉಳಿಯಲಿ.

ನಾನು ಮಾಡಿದ ದೊಡ್ಡ ತಪ್ಪು ಓಡಿ ಬಂದದ್ದು. ಅಂಗಡಿಯ ಸಾಲಿನಲ್ಲಿ ನಿಂತಾಗ ಒಂದು ಸಲ ಹಾಗಾಯಿತು. ಸಾಮಾನು ಅಲ್ಲೇ ಬಿಟ್ಟು ಹೊರಗೆ ಬಂದೆ. ಹೊರಗೆ ಬಂದ ಕೂಡಲೇ ಸಮಾಧಾನವಾಯಿತು. ‘ಅಬ್ಬ, ಬಂದದ್ದರಿಂದ ಬದುಕಿದೆ’ ಅಂತ ಮನಸ್ಸು ಪಾಠ ಕಲಿಯಿತು. ಅದು ತಪ್ಪು ಪಾಠ. ಅಲ್ಲೇ ನಿಂತಿದ್ದರೂ ಬದುಕುತ್ತಿದ್ದೆ ಅಂತ ಕಲಿಯುವ ಅವಕಾಶವೇ ಅದಕ್ಕೆ ಸಿಗಲಿಲ್ಲ. ಆಮೇಲೆ ಅಂಗಡಿ ಬಿಟ್ಟೆ, ಮದುವೆಮನೆ ಬಿಟ್ಟೆ, ಕೊನೆಗೆ ಗೇಟಿನಾಚೆಗೆ ಹೋಗುವುದನ್ನೇ ಬಿಟ್ಟೆ. ಎಲ್ಲಿ ಹೋದರೂ ಕೈಯಲ್ಲಿ ನೀರಿನ ಬಾಟಲಿ, ಕೂತರೆ ಬಾಗಿಲ ಹತ್ತಿರದ ಕುರ್ಚಿ, ನಿಮಿಷಕ್ಕೊಮ್ಮೆ ನಾಡಿ ಹಿಡಿದು ನೋಡುವುದು. ಇವೂ ಓಡುವುದರ ಇನ್ನೊಂದು ರೂಪ ಅಂತ ಬಹಳ ತಡವಾಗಿ ತಿಳಿಯಿತು.

ಬ್ರಿಟಿಷ್ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಈ ಸುಳಿಯನ್ನು ವಿವರಿಸಿದರು ಅಂತ ನನ್ನ ಥೆರಪಿಸ್ಟ್ ಹೇಳಿದ್ದರು. ಎದೆ ಒಂದು ಸಲ ಡವಗುಟ್ಟುತ್ತದೆ. ನಾವು ಅದನ್ನು ‘ಹಾರ್ಟ್ ಅಟ್ಯಾಕ್’ ಅಂದುಕೊಳ್ಳುತ್ತೇವೆ. ಹಾಗಂದುಕೊಂಡಿದ್ದಕ್ಕೆ ಗಾಬರಿ, ಗಾಬರಿಗೆ ಎದೆ ಇನ್ನೂ ಜೋರು. ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಗಿರಗಿರ ತಿರುಗಿಸಿದರು! ನಿಂತಲ್ಲೇ ಓಡಿಸಿದರು. ತಲೆ ಸುತ್ತಿತು, ಎದೆ ಬಡಿಯಿತು, ಏನೂ ಆಗಲಿಲ್ಲ. ಮತ್ತೆ ಮತ್ತೆ ಹಾಗೆ ಮಾಡಿಸಿದರು. ಎದೆ ಬಡಿತ ಅಂದರೆ ಎದೆ ಬಡಿತ ಅಷ್ಟೇ ಅಂತ ಮೈಗೆ ಗೊತ್ತಾಗುವವರೆಗೆ. ಇದು ಕಾಗ್ನಿಟಿವ್ ಬಿಹೇವಿಯರ್ ಥೆರಪಿಯ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಚಿಕಿತ್ಸೆಯ, ಒಂದು ಭಾಗ. ಹೃದಯದ ಕಾಯಿಲೆ, ಆಸ್ತಮಾ, ಗರ್ಭ ಏನಾದರೂ ಇದ್ದರೆ ಮೊದಲೇ ಹೇಳಿಬಿಡು, ಅಂಥವರಿಗೆ ಇದನ್ನು ಬೇರೆ ಥರ ಮಾಡಿಸುತ್ತಾರೆ.

ಲಿಫ್ಟ್‌ಗೂ ಹೀಗೇ ಹಂತ ಹಂತವಾಗಿ ಅಭ್ಯಾಸ ಮಾಡಿಕೋ. ಮೊದಲ ವಾರ ಬಾಗಿಲು ತೆರೆದ ಲಿಫ್ಟ್‌ನೊಳಗೆ ಸುಮ್ಮನೆ ನಿಂತು ಬಾ. ಆಮೇಲೆ ಯಾರನ್ನಾದರೂ ಜೊತೆಗಿಟ್ಟುಕೊಂಡು ಒಂದು ಮಹಡಿ. ಆಮೇಲೆ ಒಬ್ಬಳೇ. ಭಯ ತುದಿಯಲ್ಲಿರುವಾಗ ಮಾತ್ರ ಬಿಟ್ಟು ಬರಬೇಡ. ಸ್ವಲ್ಪ ಇಳಿಯುವವರೆಗೆ ಅದೇ ಲಿಫ್ಟ್‌ನಲ್ಲಿ ಹತ್ತಿ ಇಳಿಯುತ್ತಿರು. ಉಸಿರನ್ನು ನಾಲ್ಕು ಎಣಿಸುತ್ತ ಒಳಗೆ ತೆಗೆದುಕೋ, ಆರು ಎಣಿಸುತ್ತ ನಿಧಾನವಾಗಿ ಬಿಡು. ‘ಬಾ, ಎಷ್ಟು ಹೊತ್ತು ಇರುತ್ತೀಯೋ ಇರು’ ಅಂತ ಮನಸ್ಸಿನಲ್ಲಿ ಅಂದುಕೋ. ನನಗೆ ಈಗಲೂ ವರ್ಷಕ್ಕೆ ಒಂದೆರಡು ಸಲ ಬರುತ್ತದೆ. ಬಂದಾಗ ನಿಂತಲ್ಲೇ ನಿಲ್ಲುತ್ತೇನೆ.

— ನಿನ್ನ ಅಕ್ಕನ ವಯಸ್ಸಿನವಳು

ಸಹೋದರಿ,

ನಾನು ವೈದ್ಯ. ‘ಏನೂ ಇಲ್ಲ, ಮನೆಗೆ ಹೋಗಿ’ ಎಂದು ನಿಮ್ಮನ್ನು ಕಳಿಸಿದ್ದನ್ನು ಓದಿ ಬೇಸರವಾಯಿತು. ಇಸಿಜಿಯಲ್ಲಿ ಏನೂ ಇಲ್ಲ ಎನ್ನುವುದು ಬೇರೆ, ನಿಮಗೆ ಏನೂ ಆಗಿಲ್ಲ ಎನ್ನುವುದು ಬೇರೆ. ಪ್ಯಾನಿಕ್ ಅಟ್ಯಾಕ್ ಮತ್ತೆ ಮತ್ತೆ ಬರುವ ಕಾಯಿಲೆಗೆ ಪ್ಯಾನಿಕ್ ಡಿಸಾರ್ಡರ್ ಎನ್ನುತ್ತಾರೆ. ಆ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಸೇರಿದ್ದೇ 1980ರಲ್ಲಿ. ಇವತ್ತಿಗೂ ಅದನ್ನು ಹೆಸರಿಟ್ಟು ಹೇಳುವ ತಾಳ್ಮೆ ಎಲ್ಲ ಕಡೆ ಇಲ್ಲ.

ಥೈರಾಯ್ಡ್, ಹಿಮೋಗ್ಲೋಬಿನ್, ರಕ್ತದ ಸಕ್ಕರೆ ಇಷ್ಟನ್ನು ಒಂದು ಸಲ ನೋಡಿಸಿ. ಥೈರಾಯ್ಡ್ ಜಾಸ್ತಿಯಾದರೂ ಎದೆ ಹೀಗೇ ಬಡಿಯುತ್ತದೆ, ಕೈ ನಡುಗುತ್ತದೆ. ಹೃದಯದ ಲಯದ ತೊಂದರೆಯೂ ಕೆಲವೊಮ್ಮೆ ಹೀಗೇ ಕಾಣುತ್ತದೆ. ಆ ಅನುಮಾನ ಇದ್ದರೆ ಡಾಕ್ಟರು 24 ಗಂಟೆಯ ಇಸಿಜಿ ಬರೆದುಕೊಡುತ್ತಾರೆ. ಎಲ್ಲ ಸರಿ ಇದ್ದರೆ ಅಲ್ಲಿಗೆ ನಿಲ್ಲಿಸಿ. ಪ್ರತಿ ರಿಪೋರ್ಟ್ ಎರಡು ದಿನ ಸಮಾಧಾನ ಕೊಡುತ್ತದೆ, ಮೂರನೇ ದಿನ ಮತ್ತೆ ಅನುಮಾನ ಶುರುವಾಗುತ್ತದೆ. ಆದರೆ ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆ ಹಿಂಡಿದ ಹಾಗಾದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ಅಥವಾ ನಿಜವಾಗಿಯೂ ಪ್ರಜ್ಞೆ ತಪ್ಪಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಮಾತ್ರೆಯ ಬಗ್ಗೆ ಹೆದರಿಕೆ ಬೇಡ, ಅವಸರವೂ ಬೇಡ. ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು (ಖಿನ್ನತೆ, ಆತಂಕಗಳಿಗೆ ದಿನವೂ ಕೊಡುವಂಥವು) ಚಟ ಹಿಡಿಸುವುದಿಲ್ಲ. ಕೆಲಸ ಮಾಡಲು ಎರಡರಿಂದ ಆರು ವಾರ ಬೇಕು. ಮೊದಲ ದಿನಗಳಲ್ಲಿ ಕಸಿವಿಸಿ ಜಾಸ್ತಿಯಾಗಬಹುದು, ಅದಕ್ಕೇ ಕಡಿಮೆ ಪ್ರಮಾಣದಲ್ಲಿ ಶುರು ಮಾಡುತ್ತಾರೆ. ಮೂರನೇ ದಿನಕ್ಕೆ ‘ಇದು ನನಗೆ ಆಗಿಬರಲ್ಲ’ ಅಂತ ಬಿಟ್ಟುಬಿಡುವವರಿದ್ದಾರೆ, ನೀವು ಹಾಗೆ ಮಾಡಬೇಡಿ. ತಕ್ಷಣ ಶಾಂತ ಮಾಡುವ ಆಲ್‌ಪ್ರಜೋಲಮ್‌ನಂಥವು ಬೇರೆ. ದಿನವೂ ನುಂಗಿದರೆ ಅವುಗಳಿಲ್ಲದೆ ಆಗುವುದೇ ಇಲ್ಲ ಎಂಬ ಸ್ಥಿತಿ ಬರುತ್ತದೆ. ಯಾವ ಮಾತ್ರೆಯನ್ನೂ ಒಮ್ಮೆಲೇ ನಿಲ್ಲಿಸಬೇಡಿ. ಉಸಿರು ಕಟ್ಟಿದಾಗ ಕಾಗದದ ಚೀಲದೊಳಗೆ ಉಸಿರಾಡುವುದನ್ನು ಈಗ ನಾವು ಹೇಳುವುದಿಲ್ಲ, ಕಾಯಿಲೆ ಬೇರೆಯದಾಗಿದ್ದರೆ ಅಪಾಯ. ಕಾಫಿ, ಟೀ ಜಾಸ್ತಿ ಇದ್ದರೆ ಇಳಿಸಿ ನೋಡಿ.

ಇನ್ನೊಂದು ಮಾತು. ಈ ಭಯದ ಜೊತೆ ಖಿನ್ನತೆಯೂ ಸೇರಿಕೊಳ್ಳುವುದುಂಟು. ಬದುಕೇ ಬೇಡ ಅಂತ ಯಾವತ್ತಾದರೂ ಅನ್ನಿಸಿದರೆ ಅದೇ ದಿನ ಮನೆಯವರಿಗೆ ಹೇಳಿ, ಡಾಕ್ಟರಿಗೂ ಹೇಳಿ.

— ಒಬ್ಬ ವೈದ್ಯ

ಮೇಡಂ,

ನನಗೆ ಈ ಗಾಬರಿ ನಿದ್ದೆಯಲ್ಲೇ ಬರುತ್ತಿತ್ತು. ರಾತ್ರಿ ಎರಡಕ್ಕೆ ಎದ್ದು ಕೂತು ಎದೆ ಹಿಡಿದುಕೊಳ್ಳುತ್ತಿದ್ದೆ. ಕನಸೂ ಇಲ್ಲ, ಕಾರಣವೂ ಇಲ್ಲ. ನಿದ್ದೆಯಲ್ಲಿ ಬರುವುದೂ ಇದೇ ಕಾಯಿಲೆಯ ಒಂದು ರೀತಿ ಅಂತ ಗೊತ್ತಿರಲಿಲ್ಲ. ಗಂಡಸು ಇದನ್ನೆಲ್ಲ ಹೇಳಿಕೊಳ್ಳಬಾರದು ಅಂತ ಬೇರೆ ನಂಬಿದ್ದೆ. ಯಾರಿಗೂ ಹೇಳದೆ ಮಲಗುವ ಮುಂಚೆ ಕುಡಿಯಲು ಶುರು ಮಾಡಿದೆ. ಎರಡು ಗಂಟೆ ನಿದ್ದೆ ಬರುತ್ತಿತ್ತು. ಅಮಲು ಇಳಿಯುವ ಹೊತ್ತಿಗೆ ಗಾಬರಿ ಮೊದಲಿಗಿಂತ ಜೋರಾಗುತ್ತಿತ್ತು. ನೀವು ಎಂಟು ತಿಂಗಳಿಗೆ ಬಾಯಿ ಬಿಟ್ಟಿದ್ದೀರಿ. ನಾನು ನಾಲ್ಕು ವರ್ಷ ಕಳೆದೆ.

— ಒಬ್ಬ ಓದುಗ

ಈ ಪತ್ರ ನಿಮ್ಮ ಯಜಮಾನರಿಗೆ, ಅವರಿಗೆ ಓದಲು ಕೊಡಿ

ಸರ್, ‘ಸುಮ್ನೆ ಯೋಚನೆ ಮಾಡ್ತೀಯ’ ಅಂತ ನಾನೂ ನನ್ನ ಹೆಂಡತಿಗೆ ಅಂದಿದ್ದೇನೆ. ಅವಳು ಕೆಲವು ತಿಂಗಳು ನನ್ನ ಮುಂದೆ ಏನೂ ಆಗದವಳ ಹಾಗೆ ಇದ್ದಳು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಒಬ್ಬಳೇ ನಡುಗುತ್ತಿದ್ದಳು ಅಂತ ಆಮೇಲೆ ತಿಳಿಯಿತು. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಆಮೇಲೆ ನಾನು ಇನ್ನೊಂದು ಕಡೆಗೆ ವಾಲಿದೆ. ಎಲ್ಲ ಕೆಲಸ ನಾನೇ ಮಾಡಿದೆ, ಒಂದು ಹೆಜ್ಜೆಯೂ ಒಬ್ಬಳನ್ನೇ ಬಿಡಲಿಲ್ಲ. ದಿನಕ್ಕೆ ಹತ್ತು ಸಲ ‘ನಂಗೇನೂ ಆಗಲ್ಲ ಅಲ್ವಾ?’ ಅಂತ ಕೇಳುತ್ತಿದ್ದಳು. ಹತ್ತು ಸಲವೂ ‘ಇಲ್ಲ’ ಅಂದೆ. ಪ್ರೀತಿಯಿಂದಲೇ ಮಾಡಿದ್ದು, ಆದರೆ ಭಯಕ್ಕೆ ಅದೇ ಗೊಬ್ಬರವಾಯಿತು. ಡಾಕ್ಟರು ಕರೆದು ಹೇಳಿದ ಮೇಲೆ ಬದಲಾದೆ. ಬಂದಾಗ ‘ಏನಾಯ್ತು, ಏನಾಯ್ತು’ ಅಂತ ನಾನು ಗಾಬರಿಯಾಗುವುದನ್ನು ಬಿಟ್ಟೆ. ಪಕ್ಕದಲ್ಲಿ ಕೂತು ‘ಅದೇ ಬಂದಿದೆ, ಇಳಿಯುತ್ತೆ, ನಾನಿಲ್ಲೇ ಇದ್ದೀನಿ’ ಅಂತ ಒಂದೇ ಸಲ ಹೇಳುತ್ತಿದ್ದೆ.

ಬಸ್ಸಿಗೆ ಹೀಗೆ ಮಾಡಿದೆವು. ಮೊದಲು ಪಕ್ಕದಲ್ಲಿ ಕೂತೆ. ಎರಡನೇ ವಾರ ನಾಲ್ಕು ಸೀಟು ಹಿಂದೆ ಕೂತೆ. ಆಮೇಲೆ ಅವಳನ್ನು ಒಬ್ಬಳೇ ಹತ್ತಿಸಿ, ಮುಂದಿನ ಸ್ಟಾಪಿನಲ್ಲಿ ಕಾದು ನಿಂತೆ. ಒಂದು ದಿನ ಅವಳು ಮಧ್ಯದಲ್ಲೇ ಇಳಿದು ಅಳುತ್ತ ಫೋನ್ ಮಾಡಿದಳು. ಹೋಗಿ ಕರೆದುಕೊಂಡು ಬಂದೆ, ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ಅವಳೇ ಹೋಗಿ ಅದೇ ಬಸ್ಸು ಹತ್ತಿದಳು.

— ಒಬ್ಬ ಗಂಡ