ಸಹಾಯ ಬೇಕು: ಟೈಲ್ಸ್ ಧೂಳಿಗೆ ಏನು ಮಾಡೋದು?

ಮೈಸೂರಿನ ನಮ್ಮ ಹಳೇ ಮನೆಯಲ್ಲಿ ಅಡುಗೆಮನೆ ಒಡೆಸಿ ಹೊಸದಾಗಿ ಮಾಡಿಸುತ್ತಿದ್ದೇವೆ. ನಾವೂ ಅಲ್ಲೇ ಇದ್ದೇವೆ. ಅತ್ತೆಗೆ ಉಬ್ಬಸ ಬೇರೆ. ಬಾಗಿಲಿಗೆ ಹಳೇ ಸೀರೆ ಒದ್ದೆ ಮಾಡಿ ಕಟ್ಟಿದೆ, ಅರ್ಧ ಗಂಟೆಯಲ್ಲಿ ಒಣಗಿಹೋಯಿತು. ನಿನ್ನೆ ನೋಡಿದರೆ ದೇವರ ಮನೆಯ ದೀಪದ ಎಣ್ಣೆಯ ಮೇಲೂ ಬಿಳಿ ಕೆನೆ!

ಗ್ರೈಂಡರ್‌ನಲ್ಲಿ ಟೈಲ್ಸ್ ಒಣದಾಗಿಯೇ ಕೊಯ್ಯುವುದು ಮುಖ್ಯ ತೊಂದರೆ. ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನೀರು ಹಾಕಿ ಅಂದರೆ ಮೇಸ್ತ್ರಿ "ಶಾಕ್ ಹೊಡೆಯುತ್ತೆ ಮೇಡಂ" ಅನ್ನುತ್ತಾರೆ. ಕೈ ಗ್ರೈಂಡರ್‌ಗೆ ಅದೂ ನಿಜ ಅಲ್ವಾ.

ನೀರಿನ ತೊಟ್ಟಿ ಇರುವ ಟೈಲ್ ಕಟರ್ ಇಲ್ಲಿ ಬಾಡಿಗೆಗೆ ಎಲ್ಲಿ ಸಿಗುತ್ತದೆ? ಜಿಪ್ ಇರುವ ಪ್ಲಾಸ್ಟಿಕ್ ಪರದೆ ಯಾರಾದರೂ ಬಳಸಿದ್ದೀರಾ? ಕಿಟಕಿಯಲ್ಲಿ ಫ್ಯಾನ್ ಹೊರಮುಖವಾಗಿ ಇಟ್ಟರೆ ಧೂಳು ಕಡಿಮೆಯಾಗುತ್ತದಾ? ಕೆಲಸ ಇನ್ನೂ 10 ದಿನ ಇದೆ.