ಓಟಿ (ಆಪರೇಷನ್ ಥಿಯೇಟರ್) ಕೆಲಸದ ಜೊತೆಗೆ ಸಂಶೋಧನೆಯೂ ಸಾಧ್ಯವಾ?

ಪ್ರಶ್ನೆ: ನಮಸ್ಕಾರ ಮೇಡಂ. ಅರಿವಳಿಕೆ ವಿಭಾಗದಲ್ಲಿ ಇದು ನನ್ನ ತರಬೇತಿಯ ಕೊನೆಯ ವರ್ಷ. ಓಟಿ ಕೆಲಸ ತುಂಬಾ ಇಷ್ಟ. ಸಂಶೋಧನೆ ಮಾಡುವ ಆಸೆಯೂ ಇದೆ. ಆದರೆ ಎರಡು ದೋಣಿಯಲ್ಲಿ ಕಾಲಿಡಬೇಡ ಅಂತ ಹಿರಿಯರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಇವು ಎರಡು ದೋಣಿ ಅಂತ ನನಗೆ ಯಾವತ್ತೂ ಅನಿಸಿಲ್ಲ. ನನ್ನ ಸಂಶೋಧನೆಯ ಪ್ರಶ್ನೆ ಹುಟ್ಟಿದ್ದೇ ರೋಗಿಯ ಮಂಚದ ಪಕ್ಕ.

ಸೊಂಟದ ಮೂಳೆ ಮುರಿದಿದ್ದ ಅಜ್ಜಿಯೊಬ್ಬರಿಗೆ ಅರಿವಳಿಕೆ ಕೊಟ್ಟಿದ್ದೆ. ಬಿಪಿ, ಆಕ್ಸಿಜನ್ ಎಲ್ಲ ಸರಿಯಾಗಿತ್ತು. ಮರುದಿನ ನೋಡಲು ಹೋದರೆ, ಹೊದಿಕೆಯ ದಾರವನ್ನು ಒಂದೊಂದಾಗಿ ಕೀಳುತ್ತಾ ಕೂತಿದ್ದರು. ಪಕ್ಕದಲ್ಲಿದ್ದ ಮಗಳನ್ನೇ ‘ನೀನು ಯಾರಮ್ಮ?’ ಅಂದರು. ಇದು ಡೆಲಿರಿಯಂ, ಅಂದರೆ ಇದ್ದಕ್ಕಿದ್ದಂತೆ ಬರುವ ಮನಸ್ಸಿನ ಗೊಂದಲ. ವಯಸ್ಸಾದವರಲ್ಲಿ ಆಪರೇಷನ್ ಆದಮೇಲೆ ಅಪರೂಪವೇನಲ್ಲ. ನನ್ನ ಚಾರ್ಟ್ ಚೆನ್ನಾಗಿತ್ತು, ಅಜ್ಜಿ ಚೆನ್ನಾಗಿರಲಿಲ್ಲ. ಯಾರಿಗೆ ಹೀಗಾಗುತ್ತೆ ಅಂತ ಮೊದಲೇ ತಿಳಿಯಬಹುದಾ? ಇವತ್ತಿಗೂ ಅದೇ ಪ್ರಶ್ನೆಯ ಹಿಂದೆ ಇದ್ದೇನೆ.

ವರ್ಜೀನಿಯಾ ಅಪ್ಗಾರ್ ಕೂಡ ಅರಿವಳಿಕೆ ತಜ್ಞೆಯೇ ಅಲ್ವಾ? ಆಗಷ್ಟೇ ಹುಟ್ಟಿದ ಕೂಸಿನ ಎದೆಬಡಿತ, ಉಸಿರು, ಬಣ್ಣ, ಸ್ನಾಯುಗಳ ಬಿಗಿ, ಮುಟ್ಟಿದರೆ ಸ್ಪಂದಿಸುವ ರೀತಿ, ಈ ಐದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುವ ಕ್ರಮವನ್ನು 1953ರಲ್ಲಿ ಪ್ರಕಟಿಸಿದರು. ದೊಡ್ಡ ಯಂತ್ರ ಯಾವುದೂ ಬೇಕಿರಲಿಲ್ಲ. ಕಣ್ಣು, ಕಿವಿ, ಕೈ ಸಾಕಾಗಿತ್ತು.

ಪ್ರಶ್ನೆ: ಸಮಯ ಹೇಗೆ ಹೊಂದಿಸುತ್ತೀರಿ ಮೇಡಂ? ಪಿಎಚ್‌ಡಿ ಬೇಕೇ ಬೇಕಾ?

ಉತ್ತರ: ಸಮಯದ್ದೇ ದೊಡ್ಡ ಕಷ್ಟ. ನೈಟ್ ಡ್ಯೂಟಿ ಮುಗಿಸಿ ಬಂದು ಡೇಟಾ ನೋಡುತ್ತೇನೆ ಅಂದುಕೊಳ್ಳಬೇಡಿ, ಆಗುವುದಿಲ್ಲ. ನನ್ನ ಮೊದಲ ಕೆಲಸದಲ್ಲಿ ಗುರುವಾರ ಸಂಶೋಧನೆಗೆ ಅಂತ ಬಾಯಿಮಾತಲ್ಲಿ ಹೇಳಿದ್ದರು. ಪ್ರತಿ ಗುರುವಾರ ಯಾರೋ ಒಬ್ಬರು ರಜೆ, ನಾನು ಓಟಿಗೆ. ವರ್ಷ ಹಾಗೇ ಹೋಯಿತು. ಆದ್ದರಿಂದ ಸೇರುವಾಗಲೇ ಬರೆಸಿಕೊಳ್ಳಿ.

ಪಿಎಚ್‌ಡಿ ಕಡ್ಡಾಯವೇನಲ್ಲ. ಅರಿವಳಿಕೆ ಔಷಧ ಮೆದುಳಿನ ಜೀವಕೋಶದಲ್ಲಿ ಏನು ಮಾಡುತ್ತೆ ಅನ್ನುವಂಥ ಲ್ಯಾಬ್ ಕೆಲಸಕ್ಕಾದರೆ ತುಂಬಾ ಸಹಾಯ. ರೋಗಿಗಳ ಮೇಲಿನ ಅಧ್ಯಯನಕ್ಕೆ ಅಂಕಿಅಂಶದ ತಿಳಿವಳಿಕೆ ಜಾಸ್ತಿ ಮುಖ್ಯ. ಡೇಟಾ ಕೂಡಿಸಿದ ಮೇಲಲ್ಲ, ಶುರು ಮಾಡುವ ಮುಂಚೆಯೇ ಅಂಕಿಅಂಶ ತಜ್ಞರ ಹತ್ತಿರ ಕೂತು ಮಾತಾಡಿ.

ಇನ್ನೊಂದು. ಟ್ರಾಲಿ ಮೇಲೆ ಮಲಗಿ ಹೆದರಿರುವವರ ಹತ್ತಿರ ಅಧ್ಯಯನಕ್ಕೆ ಒಪ್ಪಿಗೆಯ ಸಹಿ ಕೇಳಬೇಡಿ. ಹಿಂದಿನ ದಿನವೇ ಹೋಗಿ, ಕೂತು, ವಿವರಿಸಿ, ಬೇಡ ಅನ್ನಲು ಅವಕಾಶ ಕೊಡಿ. 1966ರಲ್ಲಿ 22 ಅಧ್ಯಯನಗಳನ್ನು ಮುಂದಿಟ್ಟು, ರೋಗಿಗಳಿಗೆ ಅನ್ಯಾಯವಾಗಿದೆ ಅಂತ ಬರೆದ ಅಮೆರಿಕದ ಹೆನ್ರಿ ಬೀಚರ್ ಕೂಡ ನಮ್ಮ ಹಾಗೆ ಅರಿವಳಿಕೆ ತಜ್ಞರೇ. ಅದನ್ನು ನಾವು ಮರೆಯಬಾರದು.

ಪ್ರಶ್ನೆ: ಒಂದು ವಿಷಯ ನನ್ನನ್ನು ಕಾಡುತ್ತಿದೆ. ಕೆಲವು ಮಕ್ಕಳು ಅರಿವಳಿಕೆಯಿಂದ ಸುಮ್ನೆ ಕಣ್ಣು ಬಿಡುತ್ತಾರೆ. ಕೆಲವರು ಕಿರುಚಿ, ಒದ್ದಾಡಿ, ಅಮ್ಮನನ್ನೂ ತಳ್ಳುತ್ತಾರೆ. ಇದು ಸಂಶೋಧನೆಗೆ ಆಗುತ್ತಾ?

ಉತ್ತರ: ಖಂಡಿತ ಆಗುತ್ತೆ. ಈಗಾಗಲೇ ಬಂದಿರುವ ಅಧ್ಯಯನಗಳನ್ನು ಮೊದಲು ಓದಿ. ಆಮೇಲೆ ರಿಕವರಿ ರೂಮಿನಲ್ಲಿ ನಿಂತು ನೋಡಿ: ಯಾವುದು ನೋವಿನ ಅಳು, ಯಾವುದು ಗಲಿಬಿಲಿಯ ಅಳು? ಅದನ್ನು ಬೇರೆ ಮಾಡುವುದು ಹೇಗೆ ಅಂತ ಬರೆದುಕೊಂಡು ಬನ್ನಿ, ಮುಂದಿನದನ್ನು ಮಾತಾಡೋಣ.