ಎಕ್ಸಿಟ್ ಇಂಟರ್‌ವ್ಯೂನಲ್ಲಿ ಎಷ್ಟು ಹೇಳಬೇಕು? ಸಹಾಯ ಬೇಕು

ಬೆಂಗಳೂರಿನ ಒಂದು ಐಟಿ ಕಂಪನಿಗೆ ರಾಜೀನಾಮೆ ಕೊಟ್ಟಿದ್ದೇನೆ. ಶುಕ್ರವಾರ, ಬಿಡುವವರನ್ನು ಎಚ್‌ಆರ್‌ನವರು ಕೂರಿಸಿ ಕಾರಣ ಕೇಳುವ ಎಕ್ಸಿಟ್ ಇಂಟರ್‌ವ್ಯೂ. ಬಿಡುತ್ತಿರುವ ನಿಜವಾದ ಕಾರಣ ನನ್ನ ಮ್ಯಾನೇಜರ್. ರಾತ್ರಿ ಹನ್ನೊಂದಕ್ಕೆ ಕಾಲ್ ಇಟ್ಟು, ಬೆಳಿಗ್ಗೆ ಎಲ್ಲರ ಮುಂದೆ ಬೈಯುವ ಆಸಾಮಿ. ಎಚ್‌ಆರ್‌ನವರನ್ನು ಕೇಳಿದರೆ ‘ಎಲ್ಲಾ ಗುಟ್ಟಾಗಿರುತ್ತೆ’ ಅಂತಾರೆ. ಆದರೆ ಅದಕ್ಕೆ ತುಂಬಬೇಕಾದ ಫಾರ್ಮ್‌ನ ಮೊದಲ ಸಾಲಿನಲ್ಲೇ ಎಂಪ್ಲಾಯಿ ಐಡಿ ಇದೆ, ಇನ್ನೆಲ್ಲಿಯ ಗುಟ್ಟು! ಹೊಸ ಕಂಪನಿಯ ಹೆಸರು, ಸಂಬಳವನ್ನೂ ಕೇಳಿದ್ದಾರೆ.

ಹಿಂದೆ ಬಿಟ್ಟವರನ್ನು ವಿಚಾರಿಸಿದೆ. ಒಬ್ಬರು ‘ಸುಮ್ನೆ ಒಳ್ಳೆ ಅವಕಾಶ ಸಿಕ್ತು ಅಂತ ಬರೆದು ಬಾ’ ಅಂದರು. ಇನ್ನೊಬ್ಬರು ‘ಉಳಿದವರಿಗಾದರೂ ಒಳ್ಳೆಯದಾಗಲಿ, ಹೇಳು’ ಅಂದರು. 5 ವರ್ಷ ದಾಟಿದೆ, ಬಿಡುವಾಗ ಸಿಗುವ ಇಡಿಗಂಟು ಗ್ರಾಚ್ಯುಟಿ ಕಾನೂನು ಪ್ರಕಾರ ಬರಲೇಬೇಕು, ಅದರ ಚಿಂತೆ ಇಲ್ಲ. ಭಯ ಇರುವುದು ಹೊಸ ಕಂಪನಿ ನನ್ನ ಹಿಂದಿನ ಕೆಲಸದ ಬಗ್ಗೆ ವಿಚಾರಿಸುವ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನದು. ಇದೇ ಮ್ಯಾನೇಜರ್‌ಗೆ ಫೋನ್ ಹೋಗಬಹುದು, ಅಲ್ವಾ?

ಮ್ಯಾನೇಜರ್ ವಿಷಯ ಬಾಯಿ ಬಿಡಲೇ, ಬೇಡವೇ? ಹೊಸ ಕಂಪನಿಯ ಹೆಸರು ಬರೆಯದಿದ್ದರೆ ಕೆಲಸದಿಂದ ಬಿಡುಗಡೆಯಾದೆ ಅಂತ ಕೊಡುವ ರಿಲೀವಿಂಗ್ ಲೆಟರ್ ತಡೆಯುತ್ತಾರಾ? ಅನುಭವ ಇದ್ದವರು ಹೇಳಿ.